ಮರಿಯುಣ್ಣೆಯ ಬುಟ್ಟಿ

ನಮ್ಮೂರಲ್ಲಿ ಬಿ.ಎ. ಪಾಸು ಮಾಡಿದ ಮೊದಲನೆಯವನು ನಾನು. ಇದನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಮುಂದೆ ಹೇಳಲಿರುವುದರಲ್ಲಿ ಎದೆಯುಬ್ಬಿಸಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ಬುಕ್ಕಾಪಟ್ಟಣದಿಂದ ಎರಡು ಹರಿದಾರಿ ಒಳಗೆ, ಜಾಲಿ ಗಿಡಗಳ ನಡುವೆ ನಮ್ಮೂರು. ಅಪ್ಪ ಕುರಿ ಸಾಕಿ ಕಂಬಳಿ ನೇಯುವವನು. ನಾನು ತುಮಕೂರಿನ ಉಚಿತ ಹಾಸ್ಟೆಲಿನಲ್ಲಿ ಉಂಡು, ಬೆಂಗಳೂರಿನಲ್ಲಿ ಒಬ್ಬ ವಕೀಲರ ಮಕ್ಕಳಿಗೆ ಪಾಠ ಹೇಳಿ ಅವರ ಜಗಲಿಯಲ್ಲಿ ಮಲಗಿ ಓದಿದೆ. ಇಂಗ್ಲಿಷಿನಲ್ಲಿ ಒಮ್ಮೆ ಡುಮ್ಕಿ ಹೊಡೆದು, ಮತ್ತೆ ಕಟ್ಟಿ ಪಾಸು ಮಾಡಿದೆ. ನನ್ನನ್ನು ಓದಿಸಲು ಹಿಂಡಿನ ಅರ್ಧ ಮಾರಿದ್ದನ್ನು ಅಪ್ಪ ಯಾವತ್ತೂ ಹೇಳಲಿಲ್ಲ. ಅವ್ವ ಹೇಳುತ್ತಿದ್ದಳು, ತಿಂಗಳಿಗೊಮ್ಮೆ.

ಐವತ್ತರ ದಶಕದ ಕೊನೆಯಲ್ಲಿ ಶಿರಾದಲ್ಲಿ ಕಂಬಳಿ ನೇಯುವವರದೊಂದು ಸಂಘವಿತ್ತು. ಕುರಿಯವರು ಉಣ್ಣೆ ತಂದು ಹಾಕುವುದು, ಹೆಂಗಸರು ಅದನ್ನು ಮನೆಗೆ ಒಯ್ದು ನೂತು ತರುವುದು, ನೂಲನ್ನು ನೇಯುವವರಿಗೆ ಕೊಡುವುದು, ಇದು ಅದರ ಕೆಲಸ. ಹೆಂಚಿನ ಒಂದು ಮನೆ. ಮುಂದಿನ ಕೋಣೆಯಲ್ಲಿ ಗುಮಾಸ್ತನಾಗಿ ನಾನು, ನನ್ನ ಮೇಜು, ಹೆಸರಿನ ಮುಂದೆ ಬಿ.ಎ. ಎಂದು ನಾನೇ ಬರೆಸಿಕೊಂಡ ಹಲಗೆ. ಹಿಂದಿನ ಕೋಣೆ ಉಗ್ರಾಣ. ಅಲ್ಲಿದ್ದವರನ್ನು ನಾಲ್ಕು ತಾಲ್ಲೂಕಿನವರೂ ಉಣ್ಣೆ ಸಾಬ್ರು ಎಂದೇ ಕರೆಯುತ್ತಿದ್ದರು. ಶಿರಾದ ಹಳೇ ಮನೆತನ. ಅವರ ತಂದೆ, ತಾತ ಎಲ್ಲ ಉಣ್ಣೆಯ ವ್ಯಾಪಾರದವರು. ಸಂಘ ಬಂದ ಮೇಲೆ ವ್ಯಾಪಾರ ಕೈಬಿಟ್ಟು ಇವರು ಉಗ್ರಾಣ ನೋಡಿಕೊಳ್ಳುವ ಕೆಲಸಕ್ಕೆ ಸೇರಿಕೊಂಡಿದ್ದರು. ವಯಸ್ಸು ನಲವತ್ತರ ಆಚೆ. ಓದು ಉರ್ದು ಶಾಲೆಯ ನಾಲ್ಕನೇ ಕ್ಲಾಸು.

ಅವರು ಮೂಟೆಯೊಳಗೆ ಮೊಳಕೈವರೆಗೆ ಕೈ ತೂರಿಸಿ ಒಂದು ಚೂರು ಎಳೆದು, ಬೆರಳಲ್ಲಿ ಬಿಡಿಸಿ, ಮೂಗಿಗೆ ಹಿಡಿದು ಹೇಳುತ್ತಿದ್ದರು: ಇದು ಪಾವಗಡದ ಕಡೆಯದು, ಇದು ಹೊಳವನಹಳ್ಳಿ ಸುತ್ತಿನದು, ಈ ಕುರಿಯನ್ನು ತೊಳೆಯದೆ ಕತ್ತರಿಸಿದ್ದಾರೆ. ತಪ್ಪಾದದ್ದನ್ನು ನಾನು ನೋಡಲಿಲ್ಲ. ತಪ್ಪಾಗಲಿ ಎಂದು ಕಾದು ನೋಡಿದವನು ನಾನು.

ಅವರು ಸಂತೆಗೋ ನಮಾಜಿಗೋ ಹೋದಾಗ ಕುರಿಯವರು ಬಂದರೆ ಬಾಗಿಲಲ್ಲೇ ನಿಲ್ಲುತ್ತಿದ್ದರು.

"ಸಾಬ್ರಿಲ್ವಾ?"

ನಾನೇ ತೂಗಿಸಿಕೊಳ್ಳುತ್ತೇನೆ ಬನ್ನಿ ಎಂದರೆ, "ಇರ್ಲಿ ಬುಡಿ ಸ್ವಾಮಿ, ನಿಮಗ್ಯಾಕೆ ತೊಂದ್ರೆ. ಕುಂತಿರ್ತೀವಿ" ಎಂದು ಜಗಲಿಯಲ್ಲಿ ಕೂತು ಬೀಡಿ ಹಚ್ಚುತ್ತಿದ್ದರು. ಪಾವಗಡದ ಕಡೆಯ ಮುದುಕನೊಬ್ಬ ನನ್ನ ಮೇಜಿನ ಮುಂದೆ ನಿಂತು, ನನ್ನ ಮುಖ ನೋಡಿಕೊಂಡೇ, "ಎವರೂ ಲೇರಾ?" ಎಂದು ಕೇಳಿದ. ಯಾರೂ ಇಲ್ಲವೇ ಎಂದು! ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಾನು ಅಲ್ಲೇ ಕೂತಿದ್ದೆ.

ಇದನ್ನೆಲ್ಲ ನುಂಗಿಕೊಳ್ಳಬಹುದಿತ್ತು. ಅಪ್ಪನದನ್ನು ನುಂಗಿಕೊಳ್ಳಲು ಆಗಲಿಲ್ಲ. ನಾನು ಕೆಲಸಕ್ಕೆ ಸೇರಿದ ತಿಂಗಳಲ್ಲಿ ಅಪ್ಪ ಮೊದಲ ಸಲ ಆಫೀಸಿಗೆ ಬಂದ. ನಾನು ಕುರ್ಚಿ ಸರಿಸಿ ನಿಂತೆ. ಅವನು ಮೇಜನ್ನು ಒಮ್ಮೆ ನೋಡಿ, ಹೂಂ ಎಂದು ತಲೆಯಾಡಿಸಿ, ನೆಟ್ಟಗೆ ಉಗ್ರಾಣಕ್ಕೆ ಹೋದ. ಇಬ್ಬರೂ ಉಣ್ಣೆಯ ಮೂಟೆಗಳ ಮೇಲೆ ಕೂತು ಗಂಟೆಗಟ್ಟಲೆ ಮಾತಾಡಿದರು. ಅಪ್ಪ ನಗುವುದು ಕೇಳಿಸಿತು. ಮನೆಯಲ್ಲಿ ಅಪ್ಪ ನಗುತ್ತಿದ್ದದ್ದು ಬಲು ಅಪರೂಪ. ಹೊರಡುವಾಗ ನನ್ನನ್ನು ಕೇಳಿದ್ದು ಒಂದೇ: ಉಂಡೆಯಾ?

ಆ ವಾರ ಊರಿಗೆ ಹೋದಾಗ ಅವ್ವ ನಗುತ್ತ ಹೇಳಿದಳು: "ನಿಮ್ಮಪ್ಪ ಬಂದು ನಿನ್ ಸುದ್ದಿ ಹೇಳ್ತಾನೆ ಅಂತ ಕಾದ್ರೆ ಬರೀ ಸಾಬ್ರ ಸುದ್ದೀನೇ ಹೇಳ್ತಾನೆ ಕಣ್ಲಾ. ಅದೇನು ಬೆರಳಂತೆ, ಅದೇನು ಮೂಗಂತೆ."

ಅರ್ಧ ಹಿಂಡು ಮಾರಿ ಓದಿಸಿದ ಮಗನ ತಲೆಯೊಳಗೆ ಏನಿದೆ ಎಂದು ಅವನು ಒಮ್ಮೆಯೂ ಕೇಳಲಿಲ್ಲ. ನಾಲ್ಕನೇ ಕ್ಲಾಸಿನವರ ಬೆರಳನ್ನು ಊರೆಲ್ಲ ಹೊಗಳಿದ. ನನ್ನ ಹೊಟ್ಟೆಕಿಚ್ಚು ಹುಟ್ಟಿದ್ದು ಹೀಗೆ.

ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ನಾನು ಉಗ್ರಾಣಕ್ಕೆ ಹೋಗಿ ಅವರ ಹಾಗೆಯೇ ಮೂಟೆಗೆ ಕೈ ಹಾಕಿದೆ. ನೆಗ್ಗಿಲು ಮುಳ್ಳೊಂದು ಉಗುರಿನ ಸಂದಿಗೆ ಚುಚ್ಚಿತು. ಕೈ ಹಿಡಿದುಕೊಂಡು ಕುಣಿಯುತ್ತಿರುವಾಗ ಅವರು ಬಂದೇಬಿಟ್ಟರು. ನಗಲಿಲ್ಲ. ನನ್ನ ಮೇಜಿನ ಮೇಲಿದ್ದ ಗುಂಡುಪಿನ್ನು ತಂದು ಮುಳ್ಳು ತೆಗೆದರು.

"ಗುರ್ತಿಲ್ದೋರನ್ನ ಕಚ್ತದೆ ಸಾಹೇಬ್ರೇ ಇದು. ಕಲೀಬೇಕು ಅಂದ್ರೆ ಹೇಳಿ, ಆರು ತಿಂಗ್ಳು ಸಾಕು."

ನನಗೇಕೆ ಅದೆಲ್ಲ, ನಾನು ಓದಿದವನು ಎಂದೆ. "ಅದೂ ನಿಜವೇ" ಎಂದರು. ಅದರಲ್ಲಿ ಕುಹಕವಿರಲಿಲ್ಲ. ಕುಹಕವಿದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಉಗ್ರಾಣದ ಮೂಲೆಯಲ್ಲಿ ಬಿದಿರಿನ ಒಂದು ಬುಟ್ಟಿ ಇರುತ್ತಿತ್ತು. ಅದರಲ್ಲಿ ಮರಿಯುಣ್ಣೆ, ಅಂದರೆ ಕರಿ ಕುರಿಮರಿಯ ಮೈಯಿಂದ ಮೊದಲ ಸಲ ಕತ್ತರಿಸಿದ್ದು. ರೇಷ್ಮೆಯ ಹಾಗಿರುತ್ತದೆ. ನಾವು ಉಣ್ಣೆ ಕಂಕಣದವರು. ಮದುವೆಯಲ್ಲಿ ಗಂಡು ಹೆಣ್ಣಿನ ಕೈಗೆ ಅರಿಶಿನದ ಕೊಂಬು ಸೇರಿಸಿ ಕಟ್ಟುವ ದಾರ ಕರಿಯುಣ್ಣೆಯದಾಗಬೇಕು. ನಮ್ಮ ಸೀಮೆಯಲ್ಲಿ ಆ ಉಣ್ಣೆಯನ್ನು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಮದುವೆ ಮನೆಯ ಹಿರಿಯ ಎಲೆ ಅಡಿಕೆ ಹಿಡಿದು ಹೋಗಿ ಕೇಳಬೇಕು, ಕೊಡುವವರು ಒಂದು ಹಿಡಿ ಎತ್ತಿ ಸೆರಗಿಗೋ ಹೆಗಲ ಮೇಲಿನ ವಲ್ಲಿಗೋ ಹಾಕಬೇಕು. ದುಡ್ಡು ಮುಟ್ಟಿದ ಉಣ್ಣೆ ಕಂಕಣಕ್ಕೆ ಆಗದು. ಹಿಂದೆ ದೊಡ್ಡ ಹಿಂಡಿನವರ ಹಟ್ಟಿಗೆ ಹೋಗಿ ತರುತ್ತಿದ್ದರು, ಇಲ್ಲವೇ ಸಾಬರ ತಂದೆಯ ಅಂಗಡಿಗೆ. ಹಿಂಡಿನವರೆಲ್ಲ ಉಣ್ಣೆಯನ್ನು ಸಂಘಕ್ಕೇ ಹಾಕತೊಡಗಿದ ಮೇಲೆ ಮದುವೆ ಮನೆಯವರೂ ಸಂಘಕ್ಕೇ ಬಂದರು. ಸಾಬರು ತಮ್ಮ ತಂದೆ ಕೊಟ್ಟ ಹಾಗೆಯೇ ಕೊಟ್ಟರು. ಇದು ತನ್ನದಲ್ಲ, ಸಂಘದ್ದು ಎಂಬುದು ಅವರಿಗೂ ಹೊಳೆಯಲಿಲ್ಲ, ತೆಗೆದುಕೊಂಡವರಿಗೂ ಹೊಳೆಯಲಿಲ್ಲ. ಹೊಳೆದದ್ದು ನನಗೊಬ್ಬನಿಗೆ. ನಾನು ಓದಿದವನಲ್ಲವೇ.

ಹೊಳೆದರೂ ಸುಮ್ಮನಿದ್ದೆ. ಮರುವರ್ಷ ನನ್ನ ಮದುವೆಯೂ ಬಂತು. ಅಪ್ಪ ಎಲೆ ಅಡಿಕೆ ಹಿಡಿದು ನನ್ನ ಮೇಜಿನ ಪಕ್ಕದಲ್ಲೇ ಹಾದುಹೋಗಿ ಒಂದು ಹಿಡಿ ತಂದ. ನನ್ನ ಕೈಗೂ ನನ್ನ ಹೆಂಡತಿಯ ಕೈಗೂ ಕಟ್ಟಿದ್ದು ಅದೇ ಬುಟ್ಟಿಯ ಉಣ್ಣೆ.

ಮದುವೆಯಾಗಿ ಆರೇಳು ತಿಂಗಳಿಗೆ ಮಧುಗಿರಿಯಿಂದ ಸಹಕಾರ ಇಲಾಖೆಯ ತನಿಖೆಯ ಅಧಿಕಾರಿ ಬಂದರು. ಘಟ್ಟದ ಕೆಳಗಿನವರು, ಹೊಸಬರು, ಕೆಟ್ಟವರೇನಲ್ಲ. ಅವತ್ತು ಬೆಳಿಗ್ಗೆ, ಅವರು ಬರುವ ಮುಂಚೆ, ಅಪ್ಪ ಬಂದಿದ್ದ. ಕಂಕುಳಲ್ಲಿ ಒಂದು ಕಂಬಳಿ. ಕರಿ ಬಣ್ಣದ್ದು, ಅಂಚಿಗೆ ಎರಡು ಬಿಳಿ ಗೆರೆ. ಇಂಥದ್ದನ್ನು ಅಪ್ಪ ನೇಯ್ದು ಎಷ್ಟೋ ವರ್ಷವಾಗಿತ್ತು; ಹುಣಸೆಬೀಜದ ಗಂಜಿ ಹಾಕಿ, ಒಣಗಿಸಿ, ತಿಂಗಳುಗಟ್ಟಲೆ ಕೂರಬೇಕು. ಹೊಸದಾಗಿ ಸಂಸಾರ ಹೂಡಿದವನು ನಾನು, ಶಿರಾದ ಬಾಡಿಗೆ ಮನೆಯಲ್ಲಿ ಹಾಸಿಕೊಳ್ಳಲು ಒಂದು ಚಾಪೆ ಮಾತ್ರ. ನನಗೇ ತಂದಿದ್ದಾನೆ ಎಂದು ಎದ್ದು ನಿಂತು ಕೈ ಚಾಚಿದೆ.

"ನಿಂಗಲ್ಲ ಕಣ್ಲಾ, ಸಾಬ್ರಿಗೆ" ಎಂದ ಅಪ್ಪ. "ನಿನ್ ಮದ್ವೇಗೆ ಅವ್ರಿಗೆ ಏನೂ ಕೊಟ್ಟಿರ್ಲಿಲ್ಲ."

ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಗೊತ್ತಾಗದೆ ಮಸಿದೌತಿಯನ್ನು ಸರಿಸಿದೆ. ಒಳಗೆ ಸಾಬರು, ಯಾಕೆ ಯಜಮಾನ್ರೇ ಇದೆಲ್ಲ, ಎಂದು ಬೇಡವೆನ್ನುವುದೂ ಅಪ್ಪ ಒತ್ತಾಯ ಮಾಡುವುದೂ ಕೇಳಿಸಿತು.

ಅಪ್ಪ ಬಸ್ಸಿಗೆ ಹೋದ ಮೇಲೆ ಅಧಿಕಾರಿ ಬಂದರು. ಮೂಟೆಗಳನ್ನೆಲ್ಲ ತೂಗಿಸಿದರು. ಲೆಕ್ಕ ಸರಿಯಿತ್ತು. ಉಗ್ರಾಣ ಬಹಳ ಅಚ್ಚುಕಟ್ಟಾಗಿದೆ ಎಂದು ಸಾಬರನ್ನು ಹೊಗಳಿದರು. ಜಗಲಿಯಲ್ಲಿ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದರು.

ನಾನು ಹೇಳಿದೆ: "ಮೂಲೆಯಲ್ಲಿ ಇನ್ನೊಂದು ಬುಟ್ಟಿ ಇದೆ ಸಾರ್. ಅದನ್ನು ತೂಗಿಲ್ಲ."

ಆ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲ. ಎಷ್ಟೋ ವರ್ಷ ಅದನ್ನೇ ಹಿಡಿದುಕೊಂಡು ನನಗೆ ನಾನು ಸಮಾಧಾನ ಹೇಳಿಕೊಂಡಿದ್ದೇನೆ.

ಪುಸ್ತಕದ ಲೆಕ್ಕದಂತೆ ಬುಟ್ಟಿಯಲ್ಲಿ ಇರಬೇಕಾದದ್ದರ ಅರ್ಧವೂ ಇರಲಿಲ್ಲ. ಸಾಬರು ಮುಚ್ಚಿಡಲಿಲ್ಲ, ಕಂಕಣಕ್ಕೆ ಕೊಟ್ಟಿದ್ದೇನೆ ಎಂದರು. ಯಾರಿಗೆ ಎಂದದ್ದಕ್ಕೆ ಕೇಳಿದವರಿಗೆಲ್ಲ ಎಂದರು. ರಸೀತಿ ಎಲ್ಲಿ ಎಂದಾಗ ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಕಂಕಣಕ್ಕೆ ರಸೀತಿ ಹೆಂಗೆ ಬರೆಯೋದು ಸ್ವಾಮಿ?" ಎಂದರು. ಅಧಿಕಾರಿಯ ಕಣ್ಣು ಗೂಟಕ್ಕೆ ನೇತುಹಾಕಿದ್ದ ಹೊಸ ಕಂಬಳಿಯ ಮೇಲೆ ಬಿತ್ತು. ಇದು ಯಾರದು? ತಮ್ಮದೇ ಎಂದರು ಸಾಬರು, ಒಬ್ಬರು ಪ್ರೀತಿಯಿಂದ ಕೊಟ್ಟದ್ದು. ಯಾರು ಕೊಟ್ಟರು? ಅವರು ನನ್ನ ಕಡೆ ಒಮ್ಮೆ ನೋಡಿದರು. ನಾನು ತೂಕದ ಕಲ್ಲುಗಳನ್ನು ಜೋಡಿಸುತ್ತಿದ್ದೆ. ಅವರು ಹೆಸರು ಹೇಳಲಿಲ್ಲ.

ಸಂಘದ ಮರಿಯುಣ್ಣೆ ಕದ್ದು ತನಗಾಗಿ ಕಂಬಳಿ ನೇಯಿಸಿಕೊಂಡಿದ್ದಾನೆ ಎಂದು ಅಧಿಕಾರಿ ಬರೆದುಕೊಂಡರು. ಕಂಬಳಿಯನ್ನು ಸುತ್ತಿ ಜೀಪಿಗೆ ಹಾಕಿದರು.

ವಿಚಾರಣೆ ಮಧುಗಿರಿಯಲ್ಲಿ. ಇಬ್ಬರನ್ನೂ ಒಂದೇ ದಿನ ಕರೆದಿದ್ದರು, ಅವರನ್ನು ಆರೋಪಿಯಾಗಿ, ನನ್ನನ್ನು ಸಾಕ್ಷಿಯಾಗಿ. ಇದ್ದದ್ದು ಒಂದೇ ಬಸ್ಸು. ಅವರು ಮುಂಚೆಯೇ ಬಂದು ಕಿಟಕಿಯ ಪಕ್ಕದ ಸೀಟಿನಲ್ಲಿ ನನಗಾಗಿ ಟವೆಲು ಹಾಕಿ ಹಿಡಿದಿಟ್ಟಿದ್ದರು. ಬಡವನಹಳ್ಳಿಯಲ್ಲಿ ಬಸ್ಸು ನಿಂತಾಗ ಬುತ್ತಿ ಬಿಚ್ಚಿದರು. ರೊಟ್ಟಿ, ಕಡಲೆಕಾಯಿ ಚಟ್ನಿ. ಅವರ ಹೆಂಡತಿ ಇಬ್ಬರಿಗಾಗುವಷ್ಟು ಕಟ್ಟಿದ್ದರು. ನಾನು ತಿಂದೆ.

ಯಾರಿಗೆಲ್ಲ ಕೊಟ್ಟಿರೆಂದು ಹೇಳಿಬಿಡಬಾರದೇ ಎಂದು ಕೇಳಿದೆ.

"ಹೆಸ್ರು ಹೇಳುದ್ರೆ ಅವ್ರನ್ನೂ ಕರೆಸ್ತಾರೆ. ಮದ್ವೆ ಆಗಿ ಹೋದ ಹೆಣ್ಮಕ್ಳು, ಅವ್ರ ಕೈಗೆ ಕಳ್ಳ ಉಣ್ಣೆ ಕಟ್ಟಿದ್ರು ಅಂತ ಆಯ್ತದೆ. ಬ್ಯಾಡ." ಬುತ್ತಿಯ ಬಟ್ಟೆ ಮಡಿಸಿದರು. "ನಿಮ್ಮನ್ನ ಕೇಳ್ತಾರೆ. ನೀವು ಈ ಕಡೆಯೋರು, ಓದಿದೋರು. ಪದ್ಧತಿ ಹಿಂಗಿದೆ ಅಂತ ನೀವೊಂದು ಮಾತು ಹೇಳುದ್ರೆ ಸಾಕು, ನನ್ ಕೆಲ್ಸ ಉಳೀತದೆ."

ಮೂರು ಹೆಣ್ಣುಮಕ್ಕಳಿದ್ದರು ಅವರಿಗೆ. ಅದನ್ನು ಅವರು ಹೇಳಲಿಲ್ಲ, ನನಗೆ ಗೊತ್ತಿತ್ತು.

ಆಫೀಸಿನಲ್ಲಿ ಅಪ್ಪನ ಕಂಬಳಿ ಮೇಜಿನ ಮೇಲಿತ್ತು, ಅದಕ್ಕೊಂದು ಚೀಟಿ ಅಂಟಿಸಿದ್ದರು. ಸಾಬರು ಬಾಗಿಲ ಬಳಿ ನಿಂತಿದ್ದರು. ಅಧಿಕಾರಿ ನನಗೆ ಮಾತ್ರ ಕುರ್ಚಿ ತೋರಿಸಿ, ನೀವು ಪದವೀಧರರು, ನಿಮ್ಮ ಮಾತಿಗೆ ಬೆಲೆಯಿದೆ ಎಂದರು. ಅಷ್ಟು ದಿನದಲ್ಲಿ ನನಗೆ ಹಾಗೆ ಹೇಳಿದವರು ಅವರೊಬ್ಬರೇ. ಆಮೇಲೆ ಕೇಳಿದರು: ಹೀಗೆ ಉಣ್ಣೆಯನ್ನು ಪುಕ್ಕಟೆ ಕೊಡುವ ಪದ್ಧತಿ ಇಲ್ಲಿ ಇದೆಯೇ?

"ಜನ ಹಾಗೆ ಹೇಳುತ್ತಾರೆ ಸಾರ್. ಸಂಘದ ನಿಯಮದಲ್ಲಿಲ್ಲ."

"ಈ ಕಂಬಳಿ ಯಾರು ನೇಯ್ದದ್ದು, ನಿಮಗೆ ಗೊತ್ತೇ?"

"ಗೊತ್ತಿಲ್ಲ ಸಾರ್."

ಮೊದಲನೆಯದು ಅರ್ಧ ಸತ್ಯ. ಎರಡನೆಯದು ಪೂರ್ತಿ ಸುಳ್ಳು. ನೌಕರಿ ಹೋದೀತೆಂಬ ಭಯಕ್ಕೆ ಹೇಳಿದೆಯಾ ಎಂದು ನನ್ನ ಹೆಂಡತಿ ಆಮೇಲೆ ಎಷ್ಟೋ ಸಲ ಕೇಳಿದ್ದಾಳೆ. ಭಯವಾಗಿದ್ದರೆ ಹೇಳಿಕೊಳ್ಳಲು ಇಷ್ಟು ಕಷ್ಟವಾಗುತ್ತಿರಲಿಲ್ಲ. ನಿಜ ಹೇಳಬೇಕಾಗಿದ್ದರೆ, ಇದು ನನ್ನ ತಂದೆ ನೇಯ್ದದ್ದು, ನನಗಲ್ಲ, ಬಾಗಿಲಲ್ಲಿ ನಿಂತಿರುವ ಇವರಿಗೆ, ಎಂದು ಆ ಕುರ್ಚಿಯಲ್ಲಿ ಕೂತು ಬಾಯಿಬಿಟ್ಟು ಹೇಳಬೇಕಾಗಿತ್ತು. ಅದು ನನ್ನಿಂದ ಆಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಹಿಂದಿನ ಸೀಟಿನಲ್ಲಿ ಕೂತರು.

ಅಪ್ರಾಮಾಣಿಕತೆ ಮತ್ತು ಸಂಘದ ಮಾಲಿನ ಕಳವಿಗಾಗಿ ಕೆಲಸದಿಂದ ವಜಾ ಎಂದು ಹದಿನೈದು ದಿನದಲ್ಲಿ ತೀರ್ಮಾನವಾಯಿತು. ಸಂಘದ ಅಧ್ಯಕ್ಷರು ದೊಡ್ಡ ಜಮೀನುದಾರರು, ವಾರಕ್ಕೊಮ್ಮೆ ಬಂದು ರುಜು ಹಾಕಿ ಹೋಗುವವರು. ಆರ್ಡರನ್ನು ಇಂಗ್ಲಿಷಿನಲ್ಲಿ ನೀನೇ ಬರಿ, ತೂಕವಾಗಿರುತ್ತದೆ ಎಂದರು. ಬರೆದೆ. ಒಂದು ವಾಕ್ಯವನ್ನು ಇನ್ನೂ ಚೆನ್ನಾಗಿ ಬರೆಯಬಹುದೆಂದು ಹರಿದು ಮತ್ತೆ ಬರೆದೆ ಕೂಡ.

ಸಾಬರು ಬೀಗದ ಕೈ ಒಪ್ಪಿಸಲು ಬಂದಾಗ ಆ ಆರ್ಡರನ್ನು ಕೊಟ್ಟೆ. ಅವರು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ ನನಗೇ ಹಿಂದಕ್ಕೆ ಚಾಚಿದರು. ಓದಿ ಹೇಳಿ ಎಂದರು. ನಾನು ಬರೆದದ್ದನ್ನು ನಾನೇ, ಅವರ ಮುಖದ ಮುಂದೆ, ಸಾಲು ಸಾಲಾಗಿ ಕನ್ನಡದಲ್ಲಿ ಓದಿದೆ. ಕಳವು ಎಂಬ ಕಡೆ ಮೆಲ್ಲಗೆ ಓದಿದೆ. ಅವರು ಕಾಗದ ತೆಗೆದುಕೊಂಡು, ತಮ್ಮ ಹೆಸರು ಎಲ್ಲಿದೆ ತೋರಿಸಿ ಎಂದರು. ತೋರಿಸಿದೆ.

"ನನ್ ಹೆಸ್ರು ಇಂಗ್ಲೀಷ್ನಾಗೆ ಇಷ್ಟು ಚೆಂದ ಕಾಣ್ತದೆ ಅಂತ ಗೊತ್ತಿರ್ಲಿಲ್ಲ ಸಾಹೇಬ್ರೇ. ಒಳ್ಳೇ ಕೈ ನಿಮ್ದು."

ಅಷ್ಟು ಹೇಳಿ, ಕಾಗದ ಮಡಿಸಿ, ಹೋದರು.

ಉಗ್ರಾಣದ ಬೀಗದ ಕೈ ನನಗೆ ಬಂತು, ಸ್ವಲ್ಪ ದಿನಕ್ಕೆ ಕಾರ್ಯದರ್ಶಿಯ ಹುದ್ದೆಯೂ ಬಂತು. ಇನ್ನು ಜನ ನನ್ನ ಹತ್ತಿರವೇ ಬರಬೇಕಲ್ಲ ಎಂದುಕೊಂಡೆ. ಬಂದರು. ಆದರೆ ಬರುವ ಮುಂಚೆ ಮೂಟೆ ಹೊತ್ತುಕೊಂಡು ಸಾಬರ ಮನೆಗೆ ಹೋಗಿ ತೋರಿಸಿ ಬರುತ್ತಿದ್ದರು. ಅವರು ಬಂಧುಗಳ ಅಂಗಡಿಯಲ್ಲಿ ಹಾಸಿಗೆ ದಿಂಬು ಹೊಲಿಯುವ ಕೆಲಸಕ್ಕೆ ಕೂತಿದ್ದರು. ಕುರಿಯವರು ನನ್ನ ಮುಂದೆ ಮೂಟೆ ಇಳಿಸಿ, "ಇದು ಒಂದ್ನೇ ನಂಬ್ರು ಸ್ವಾಮಿ, ಸಾಬ್ರೇ ಹೇಳವ್ರೆ" ಎನ್ನುತ್ತಿದ್ದರು. ಕಳ್ಳತನಕ್ಕೆ ವಜಾ ಆದವರ ಮಾತು, ವಜಾ ಮಾಡಿದ ಸಂಘದೊಳಗೆ ನಡೆಯುತ್ತಿತ್ತು! ಕಾಯ್ದೆ ಪ್ರಕಾರ ಕಳ್ಳ ಅವರು, ಕಾರ್ಯದರ್ಶಿ ನಾನು. ಆದರೂ ದಿನ ಬೆಳಗಾದರೆ ಹೊಟ್ಟೆ ಉರಿದುಕೊಳ್ಳುತ್ತಿದ್ದವನು ನಾನೇ.

ಅಪ್ಪನಿಗೆ ಸುದ್ದಿ ಸಂತೆಯಲ್ಲಿ ಗೊತ್ತಾಯಿತು. ನಾನು ಊರಿಗೆ ಹೋದಾಗ ಮಗ್ಗದ ಗುಣಿಯಲ್ಲಿ ಕೂತಿದ್ದವನು ಎದ್ದು ಬರಲಿಲ್ಲ.

"ಆ ಕಂಬ್ಳಿ ಯಾರ್ದು ಅಂತ ನಿನ್ನ ಕೇಳುದ್ರಂತೆ?"

ಕೇಳಿದರು ಎಂದೆ.

"ನೀನೇನಂದೆ?"

ಗೊತ್ತಿಲ್ಲ ಅಂದೆ ಎಂದು ಹೇಳಿದೆ. ಅವನು ಮಗ್ಗದ ಹಾಸು ನೂಲಿನ ಮೇಲೆ ಕೈ ಆಡಿಸಿದ.

"ನಾನು ನೇಯ್ದಿದ್ದು ಕಳ್ಮಾಲಾಯ್ತಾ?" ಎಂದ. ನನ್ನನ್ನು ಕೇಳಿದ ಹಾಗಿರಲಿಲ್ಲ.

ಬೈಯಲಿಲ್ಲ. ಆಮೇಲೆ ಎರಡು ವರ್ಷ ಶಿರಾಕ್ಕೆ ಬಂದರೂ ನನ್ನ ಆಫೀಸಿಗೆ ಕಾಲಿಡಲಿಲ್ಲ. ಸಾಬರ ಮನೆಗೆ ಹೋಗಿ ಟೀ ಕುಡಿದು ವಾಪಸು ಬಸ್ಸು ಹತ್ತುತ್ತಿದ್ದ. ಇದನ್ನು ಹೋಟೆಲಿನವರು ನನಗೆ ಹೇಳುತ್ತಿದ್ದರು.

ಅರವತ್ತರ ದಶಕ ಶುರುವಾಗಿತ್ತು. ತಂಗಿಯ ಮದುವೆ ಕೊರಟಗೆರೆ ಕಡೆಯವರಿಗೆ ಗೊತ್ತಾಯಿತು. ಕಂಕಣದ ಉಣ್ಣೆಯ ಮಾತು ಬಂದಾಗ ನಾನು, ಸಂಘದ ಬುಟ್ಟಿಯಲ್ಲಿ ಇದೆ, ನಿಯಮದಂತೆ ಬರೆದು ನನ್ನ ಕೈಯಿಂದ ಬೆಲೆ ಕಟ್ಟಿ ತರುತ್ತೇನೆ ಎಂದೆ. ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಎಲೆ ಅಡಿಕೆಯನ್ನು ನನ್ನ ಕೈಗಿಟ್ಟ.

"ಸಾಬ್ರ ಮನೇಗೋಗಿ ಕೇಳ್ಕೊಂಡ್ ಬಾ. ನೀನೇ ಹೋಗು."

ಅವರ ಹತ್ತಿರ ಈಗ ಉಣ್ಣೆ ಎಲ್ಲಿಯದು ಎಂದೆ.

"ಕೇಳು" ಎಂದ.

ಹೋದೆ. ಅಂಗಡಿಯ ಮುಂದೆ ಹಾಸಿಗೆಯೊಂದಕ್ಕೆ ದಬ್ಬಳ ಚುಚ್ಚುತ್ತ ಕೂತಿದ್ದರು. ಕೂದಲು ನೆರೆತಿತ್ತು. ನನ್ನ ಕೈಯಲ್ಲಿನ ಎಲೆ ಅಡಿಕೆ ನೋಡಿಯೇ ಅವರಿಗೆ ತಿಳಿಯಿತು. ಯಾರ ಮದುವೆ, ಗಂಡು ಯಾವ ಊರು ಎಂದೆಲ್ಲ ಕೇಳಿದರು. ಮಗನನ್ನು ಕೇಳುವ ಹಾಗೆ. ನನಗೆ ತಡೆಯಲಾಗಲಿಲ್ಲ.

"ಅವತ್ತು ಮಧುಗಿರಿಯಲ್ಲಿ ನಾನು ಹೇಳಬಹುದಿತ್ತು" ಎಂದೆ.

ಅದೆಲ್ಲ ಬಿಡಿ, ಆಗಿಹೋಯಿತು, ಎನ್ನುತ್ತಾರೆ ಎಂದು ಕಾದೆ. ನಮ್ಮ ಕಡೆ ಯಾರೇ ಆದರೂ ಹಾಗೆ ಅನ್ನುತ್ತಾರೆ. ಅವರು ದಬ್ಬಳವನ್ನು ಹಾಸಿಗೆಗೆ ಚುಚ್ಚಿ ನಿಲ್ಲಿಸಿ ನನ್ನನ್ನು ನೇರವಾಗಿ ನೋಡಿದರು.

"ಹೂಂ. ಹೇಳ್ಬೋದಿತ್ತು."

ಅಷ್ಟೇ. ಎದ್ದು ಒಳಗೆ ಹೋಗಿ ಬಟ್ಟೆಯಲ್ಲಿ ಕಟ್ಟಿದ್ದ ಮರಿಯುಣ್ಣೆ ತಂದರು. ಕುರಿಯವರು ಈಗಲೂ ಕೊಟ್ಟುಹೋಗುತ್ತಾರೆ, ಮದುವೆ ಮನೆಯವರು ಕೇಳಲು ಬರುತ್ತಾರಲ್ಲ, ಎಂದರು. ಒಂದು ಹಿಡಿ ಎತ್ತಿ ನನ್ನ ವಲ್ಲಿಗೆ ಹಾಕಿದರು. ಎಲೆ ಅಡಿಕೆಯನ್ನು ಕಣ್ಣಿಗೊತ್ತಿಕೊಂಡರು. "ಯಜಮಾನ್ರಿಗೆ ಸಲಾಮ್ ಹೇಳಿ" ಎಂದು ಮತ್ತೆ ಹಾಸಿಗೆಗೆ ಬಗ್ಗಿದರು.

ಬುಕ್ಕಾಪಟ್ಟಣದ ಬಸ್ಸು ತುಂಬಿತ್ತು. ಮುಂದಿನ ಸೀಟಿನ ಕುರಿಯವನೊಬ್ಬ ನನ್ನ ವಲ್ಲಿಯ ಗಂಟನ್ನು ನೋಡಿ, ಕಂಕಣಕ್ಕಾ ಎಂದು ಕೇಳಿದ. ಹೌದೆಂದೆ. ಸಾಬ್ರು ಕೊಟ್ಟಿದ್ದಾ ಎಂದ. ಅದಕ್ಕೂ ಹೌದೆಂದೆ. ಅವನು ಪಕ್ಕದವನನ್ನು ಮೊಳಕೈಯಿಂದ ತಿವಿದು ಎಬ್ಬಿಸಿ, ಬನ್ನಿ ಕುಂತ್ಕಳಿ ಎಂದು ಜಾಗ ಮಾಡಿಕೊಟ್ಟ. ಆ ಜಾಗ ನನಗೆ ಬಿಟ್ಟದ್ದಲ್ಲ ಎಂದು ಗೊತ್ತಿತ್ತು. ಊರು ಬರುವವರೆಗೆ ಅಲ್ಲೇ ಕೂತಿದ್ದೆ.